ಜ್ಯೋತ್ಸ್ನಾ ಹೇಳಿಕೊಟ್ಟ ಸಾಲುಗಳು

ನಾನು ಕಾಯುವವರ ಪೈಕಿ ಅಲ್ಲ. ಹಾಲು ಕಾಯುವ ಮೊದಲೇ ಕಾಫಿ ಕೇಳುವವನು. ಮುಚ್ಚಿಹೋದ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನಮ್ಮ ಪುಟ್ಟ ಕನ್ನಡ ಸಭೆಯಲ್ಲಿ ಹದಿನೈದು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ಪಾಸ್ಟರ್ ಪ್ರಾರ್ಥನೆ ಸ್ವಲ್ಪ ಉದ್ದವಾದರೂ ಸಾಕು, ನನ್ನ ಬೆರಳುಗಳು ಚಡಪಡಿಸುತ್ತವೆ. ಇಂಥವನು ಜ್ಯೋತ್ಸ್ನಾಳ ಬಗ್ಗೆ ಬರೆಯಲು ಕೂತಿರುವುದೇ ಒಂದು ತಮಾಷೆ.

ನಮ್ಮ ಸಭೆಯಲ್ಲಿ ಮುಂದಿನ ಚಾಪೆಗಳ ಮೇಲೆ ಕೂರುವ ಅಜ್ಜಿಯರಿಗೆ ಓದು ಬಾರದು. ಅದಕ್ಕೇ ಒಬ್ಬರು ಎದ್ದು ನಿಂತು ಹಾಡಿನ ಒಂದೊಂದೇ ಸಾಲನ್ನು ಮೊದಲು ಹೇಳಿಕೊಡುತ್ತಾರೆ, ಆಮೇಲೆ ಎಲ್ಲರೂ ಅದನ್ನು ಹಾಡುತ್ತಾರೆ. ಹದಿನೆಂಟನೇ ವಯಸ್ಸಿನಿಂದ ಆ ಕೆಲಸ ಜ್ಯೋತ್ಸ್ನಾಳದು. ವಾರವಿಡೀ ಬಂಗಾರಪೇಟೆಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿ ಐವತ್ತು ಮೆಷಿನ್ನುಗಳ ಸದ್ದು ಮೀರಿ ಕೂಗುವಳು. ಭಾನುವಾರ ಬಂದು ನಮ್ಮ ತಗಡಿನ ಸೂರು ಅದುರುವಂತೆ ಹಾಡುವಳು. ಅವಳ ಎತ್ತರದ ಶ್ರುತಿಗೆ ಏರಲಾಗದೆ ಅಜ್ಜಿಯರ ದನಿ ಅರ್ಧಕ್ಕೇ ನಿಲ್ಲುತ್ತಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಈಸ್ಟರ್ ದಿನ ಬೆಳಕು ಹರಿಯುವ ಹೊತ್ತಿಗೆ ನಾವೆಲ್ಲ ಸಮಾಧಿಗಳ ನಡುವೆ ಸೇರುತ್ತೇವೆ. ಗಣಿಯಲ್ಲಿ ದುಡಿದು ಹೋದವರೆಲ್ಲ ಅಲ್ಲೇ ಮಲಗಿದ್ದಾರೆ. ಜ್ಯೋತ್ಸ್ನಾಳ ತಾಯಿಯೂ ಅಲ್ಲೇ ಇದ್ದಾರೆ. ಅಲ್ಲಿ ನಿಂತು ಪುನರುತ್ಥಾನದ ಹಾಡಿನ ಮೊದಲ ಸಾಲು ಹೇಳುವುದೆಂದರೆ ಅವಳಿಗೆ ಪ್ರಾಣ.

ಮೂರು ವರ್ಷದ ಹಿಂದೆ ಅವಳ ಕುತ್ತಿಗೆಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಅದು ದನಿಯ ನರಕ್ಕೇ ಅಂಟಿಕೊಂಡಿತ್ತು, ತೆಗೆಯದೆ ವಿಧಿಯಿರಲಿಲ್ಲ. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಬರೀ ಪಿಸುಮಾತು ಉಳಿಯಿತು. ಬಂದರೆ ಒಂದು ವರ್ಷದೊಳಗೆ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಕೂಗಲಾಗದ ಸೂಪರ್‌ವೈಸರನ್ನು ಕಾರ್ಖಾನೆಯವರು ಗುಂಡಿ ಪರೀಕ್ಷಿಸುವ ಮೇಜಿಗೆ ಹಾಕಿದರು. ಸಭೆಯಲ್ಲಿ ಅವಳು ತಾನಾಗಿಯೇ ಹಿಂದಿನ ಸಾಲಿಗೆ ಹೋಗಿ ಕೂತಳು.

ಆಗ ನಾನೊಂದು ಘನಕಾರ್ಯ ಮಾಡಿದೆ. ಕಮಿಟಿಯವರ ಬೆನ್ನು ಹತ್ತಿ ರಾಬರ್ಟ್‌ಸನ್‌ಪೇಟೆಯಿಂದ ದೊಡ್ಡ ಟಿವಿ ತರಿಸಿ, ಹಾಡಿನ ಸಾಲುಗಳು ದಪ್ಪಕ್ಷರದಲ್ಲಿ ಬರುವಂತೆ ಮಾಡಿಸಿದೆ. ಮೊದಲ ಭಾನುವಾರ ಅಜ್ಜಿಯರೆಲ್ಲ ಟಿವಿಯನ್ನೇ ನೋಡುತ್ತ ಕೂತರು. ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಅವರಲ್ಲೇ ಹಿರಿಯಳಾದ ತಾಯಮ್ಮ ನನ್ನತ್ತ ತಿರುಗಿ ಕೇಳಿದಳು: "ಚಂದನಾ, ಅಕ್ಷರ ಏನೋ ಚೆನ್ನಾಗವೆ ಕಣಪ್ಪ. ಅವು ಏನಂತವೆ ಅಂತ ಯಾರು ಯೋಳ್ತಾರೆ?"

ಓದು ಬಾರದವರಿಗೆ ಓದಲು ಟಿವಿ ತಂದ ಬುದ್ಧಿವಂತ ನಾನು. ಅಂದಿನಿಂದ ಅಜ್ಜಿಯರು ನೆನಪಿದ್ದಷ್ಟನ್ನು ಒಬ್ಬರನ್ನೊಬ್ಬರು ಕೇಳಿಕೊಂಡು ಗುನುಗತೊಡಗಿದರು. ಟಿವಿ ಪಾಡಿಗೆ ಟಿವಿ ಇತ್ತು.

ಡಾಕ್ಟರು ಹೇಳಿದ ವರ್ಷ ಮುಗಿಯಿತು. ದನಿ ಬರಲಿಲ್ಲ. ದೇವರ ಮೇಲೆ ಅವಳಿಗಿಂತ ನನಗೇ ಹೆಚ್ಚು ಸಿಟ್ಟು ಬಂದಿತ್ತು. ಒಂದು ಸಂಜೆ ಅವಳ ಮನೆಯಲ್ಲಿ ಅವಳ ತಂದೆ ಜ್ಞಾನಪ್ಪನವರ ಮುಂದೆ ಒದರಿಬಿಟ್ಟೆ. ಗಣಿ ನಡೆಯುತ್ತಿದ್ದಾಗ ಕಾರ್ಮಿಕರನ್ನು ಕೆಳಕ್ಕಿಳಿಸಿ ಮೇಲಕ್ಕೆತ್ತುವ ಕೇಜಿನ ಎಂಜಿನ್ ನಡೆಸುತ್ತಿದ್ದವರು ಅವರು.

"ನಾನು ಕೂತ ಕಡೆಯಿಂದ ಕೆಳಗಿನೋರು ಕಾಣ್ತಾ ಇರಲಿಲ್ಲಪ್ಪ," ಎಂದರು. "ಅವರು ಗಂಟೆ ಬಾರ್ಸೋಗಂಟ ಕಾಯೋದೇ ನನ್ನ ಕೆಲ್ಸ. ಬೇಗ ಎತ್ತಿದ್ರೆ ಕೇಜು ಅತ್ತುತಾ ಇರೋನ ಕಾಲು ಓಗ್ತಿತ್ತು. ಗಂಟೆ ಬರಲಿಲ್ಲ ಅಂದ್ರೆ ಕೆಳಗೆ ಯಾರೂ ಇಲ್ಲ ಅಂತಲ್ಲ."

ಜ್ಯೋತ್ಸ್ನಾ ಅಡಿಗೆಮನೆಯಿಂದ ಬಂದು ಪಿಸುಗುಟ್ಟಿದಳು: "ಕಾಯ್ತಾ ಕಾಯ್ತಾ ನಿನ್ನ ಎಂಜಿನ್ನು ಅಳ್ತಾ ಇರಲಿಲ್ಲ ಬಿಡಪ್ಪ."

ಆದರೂ ಅವಳು ಪ್ರಾರ್ಥನೆ ಬಿಡಲಿಲ್ಲ, ಅಭ್ಯಾಸವನ್ನೂ ಬಿಡಲಿಲ್ಲ. ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದವಳು ಬಂಗಾರಪೇಟೆ ಬರುವವರೆಗೆ ನೀರಿನ ಬಾಟಲಿಗೆ ಸ್ಟ್ರಾ ಹಾಕಿ ಗುಳುಗುಳು ಎಂದು ಗುಳ್ಳೆ ಎಬ್ಬಿಸುತ್ತಾ, ಮೂಗಿನಲ್ಲೇ ರಾಗ ಎಳೆಯುತ್ತಾ ಕೂರುತ್ತಿದ್ದಳು. ಡಾಕ್ಟರು ಹೇಳಿಕೊಟ್ಟ ಸಾಧನೆ ಅದು. ಎದುರು ಕೂತವರು ಮುಸಿಮುಸಿ ನಗುತ್ತಿದ್ದರು. ಅವಳೂ ನಕ್ಕು ಮತ್ತೆ ಊದುತ್ತಿದ್ದಳು.

ಈ ಸಲದ ಈಸ್ಟರ್‌ಗೆ ನಾನು ಹಾರ್ಮೋನಿಯಂ ಜೊತೆ ಒಂದು ಸ್ಪೀಕರನ್ನೂ ಒಯ್ದಿದ್ದೆ. ಮೊಬೈಲಿನಲ್ಲಿ ಹಾಡು ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ, ಬುದ್ಧಿ ಎಲ್ಲಿ ಹೋಗುತ್ತದೆ. ಪಾಸ್ಟರ್ ಹಾಡಿನ ನಂಬರ್ ಹೇಳುತ್ತಿದ್ದಂತೆ ಹಿಂದಿನಿಂದ ಜ್ಯೋತ್ಸ್ನಾ ಎದ್ದು ಬಂದು ತನ್ನ ಹಳೆಯ ಜಾಗದಲ್ಲಿ ನಿಂತಳು. ನಮಗ್ಯಾರಿಗೂ ಮುಂಚೆ ಹೇಳಿರಲಿಲ್ಲ.

ಮೊದಲ ಸಾಲು ಹೇಳಿದಳು. ಹಳೆಯ ದನಿಯಲ್ಲ, ತಗ್ಗಿನ, ಒರಟು ದನಿ. ಆದರೆ ದನಿ. ಎರಡನೇ ಸಾಲೂ ಬಂತು. ಮೂರನೆಯದಕ್ಕೆ ಬಾಯಿ ತೆರೆದಳು, ಬರೀ ಗಾಳಿ ಬಂತು. ಮತ್ತೆ ತೆರೆದಳು, ಬರಲಿಲ್ಲ. ತಾಯಿಯ ಸಮಾಧಿಯ ಕಡೆ ನೋಡಿ ತಲೆ ತಗ್ಗಿಸಿದಳು.

ನನಗೆ ತಡೆಯಲಾಗಲಿಲ್ಲ. ಹಾರ್ಮೋನಿಯಂ ಬಿಟ್ಟು ಸ್ಪೀಕರ್ ಕಡೆ ಕೈ ಚಾಚಿದೆ. ಪಕ್ಕದಲ್ಲಿದ್ದ ಜ್ಞಾನಪ್ಪನವರು ಗಪ್ಪನೆ ನನ್ನ ಮಣಿಕಟ್ಟು ಹಿಡಿದರು. "ಇರಪ್ಪ. ಇನ್ನೂ ಗಂಟೆ ಬಂದಿಲ್ಲ."

ಆಗ ಚಾಪೆಯ ಮೇಲಿಂದ ತಾಯಮ್ಮ ಮೂರನೇ ಸಾಲನ್ನು ಹೇಳಿದಳು. ಒಂದು ಪದವೂ ತಪ್ಪಲಿಲ್ಲ. "ಇಪ್ಪತ್ತು ವರ್ಸ ನೀನು ಯೋಳ್ಕೊಟ್ಟೆ ಕಣವ್ವ," ಎಂದಳು. "ಇವತ್ತು ನಾವು ಯೋಳ್ಕೊಡ್ತೀವಿ, ನೀನು ಆಡು."

ನಾಲ್ಕನೆಯದನ್ನು ಅವಳ ಪಕ್ಕದವಳು ಹೇಳಿದಳು, ಐದನೆಯದನ್ನು ಇನ್ನೊಬ್ಬಳು. ಆ ಮೂರು ವರ್ಷ ಒಬ್ಬರನ್ನೊಬ್ಬರು ಕೇಳಿಕೊಂಡು ಗುನುಗಿದ್ದು ಅವರ ನಾಲಿಗೆಯ ಮೇಲೆ ಪೂರ್ತಿ ಕೂತುಬಿಟ್ಟಿತ್ತು. ಜ್ಯೋತ್ಸ್ನಾ ಅಳುತ್ತಲೇ ಅವರ ಜೊತೆ ಹಾಡಿದಳು. ಈಗ ಅವಳದು ತಗ್ಗಿನ ಶ್ರುತಿಯಾದ್ದರಿಂದ ಅಜ್ಜಿಯರ ದನಿ ಎಲ್ಲೂ ಅರ್ಧಕ್ಕೆ ನಿಲ್ಲಲಿಲ್ಲ. ಸಭೆ ಇಷ್ಟು ತುಂಬಿ ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಕೊನೆಯ ಸಾಲಿಗೆ ಅವಳು ಕೈ ಎತ್ತಿ ಅಜ್ಜಿಯರನ್ನು ನಿಲ್ಲಿಸಿದಳು. ಕಣ್ಣೊರೆಸಿಕೊಂಡು ತಾನೇ ಹೇಳಿಕೊಟ್ಟಳು. ಎಲ್ಲೂ ಒಡೆಯದೆ ಪೂರ್ತಿ ಬಂತು.

ಜ್ಞಾನಪ್ಪನವರು ನನ್ನ ಮಣಿಕಟ್ಟು ಬಿಟ್ಟರು. "ಬಂತು. ಈಗ ಎತ್ತಪ್ಪ," ಎಂದರು.

ನಾನು ಹಾರ್ಮೋನಿಯಂ ಎಳೆದುಕೊಂಡು, ಶ್ರುತಿ ಇಳಿಸಿ, ತಿದಿಯನ್ನು ಎಂದೂ ಒತ್ತದಷ್ಟು ಜೋರಾಗಿ ಒತ್ತಿದೆ. ಅಲ್ಲಿ ಮಲಗಿದವರಿಗೂ ಅದು ಕೇಳಿಸಬೇಕಿತ್ತು.