ಕರೇ ಕುದುರೆಯ ಬಾಲದ ಹಿಂದಿನ ಖೋಲಿ

ನಮ್ಮ ದೊಡ್ಡಪ್ಪ ಗುಡಗೇರಿಯಲ್ಲಿ ಯಾರಿಗೆ ದಾರಿ ಹೇಳಿದರೂ ಮುಂಬಯಿಯ ದಾರಿಯನ್ನೇ ಹೇಳುತ್ತಿದ್ದ. ಮದುವೆಯಾದ ಹೊಸತರಲ್ಲಿ, ಬ್ರಿಟಿಷರು ಇನ್ನೂ ಇದ್ದಾಗ, ದೊಡ್ಡವ್ವನನ್ನು ಊರಲ್ಲೇ ಬಿಟ್ಟು ಅವನು ಅಲ್ಲಿನ ಅರಳೆ ವ್ಯಾಪಾರಿಯೊಬ್ಬರ ಹತ್ತಿರ ಕಾರಕೂನನಾಗಿದ್ದ. ನಾಲ್ಕು ವರ್ಷ ಒಂದು ಬಾಡಿಗೆಯ ಖೋಲಿಯಲ್ಲಿ ಇದ್ದು ಊರಿಗೆ ಬಂದ. ಬಂದವನು ಜೊತೆಗೆ ಅಲ್ಲಿನ ದೊಡ್ಡ ರಸ್ತೆಯನ್ನೂ ತಂದ. ನಮ್ಮ ರೈಲ್ವೆ ಸ್ಟೇಷನ್ ಅವನಿಗೆ ಬೋರಿಬಂದರ. ಸಂತೆಯ ಹತ್ತಿರ ದನ ನೀರು ಕುಡಿಯುವ ತೊಟ್ಟಿ ಕಾರಂಜಿ. ಅಲ್ಲಿಂದ ಮುಂದೆ ತಿರುವಿನಲ್ಲಿದ್ದ ಬೇವಿನ ಮರ ಕರೇ ಕುದುರೆ. ಒಮ್ಮೆ ಹೊಸದಾಗಿ ಬಂದ ದನದ ಡಾಕ್ಟರು ನಮ್ಮ ಓಣಿ ಕೇಳಿದಾಗ ದೊಡ್ಡಪ್ಪ, "ಕರೇ ಕುದುರಿ ದಾಟಿ ಬರ್ರಿ" ಎಂದುಬಿಟ್ಟ. ಆ ಪುಣ್ಯಾತ್ಮ ಸಂಜೆಯತನಕ ಚೀಲ ಹಿಡಿದುಕೊಂಡು, ಕುದುರೆ ಯಾರದು, ಅದಕ್ಕೇನು ಬ್ಯಾನಿ ಎಂದು ಮನೆಮನೆ ವಿಚಾರಿಸಿದರು.

ಆ ಕುದುರೆಯ ಬಗ್ಗೆ ದೊಡ್ಡವ್ವನಿಗೆ ಸಂಶಯವಿತ್ತು. "ನಡು ರಸ್ತೇದಾಗ ಕಂಚಿನ ಕರೇ ಕುದುರಿ, ಅದರ ಮ್ಯಾಲ ರಾಜಾ, ಅದರ ಬಾಲದ ಹಿಂದ ಇವರ ಖೋಲಿ. ಕೇಳಾಕ ನಾ ಒಬ್ಬಾಕಿ ಸಿಕ್ಕೇನಿ" ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ನಡುವೆ ಅವರ ಮಗಳ ಗಂಡನಿಗೆ ಮುಂಬಯಿಯಲ್ಲಿ ನೌಕರಿಯಾಗಿ ದಾದರದಲ್ಲಿ ಮನೆ ಮಾಡಿದರು. ದೀಪಾವಳಿ ರಜೆಯಲ್ಲಿ ದೊಡ್ಡಪ್ಪ, ದೊಡ್ಡವ್ವ ಹೊರಟರು. ನಾನು ಆಗ ಊರಿನ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದೆ. "ಭಾಷಾದ ತೊಂದ್ರಿ ಆಗಬಾರದು" ಎಂದು ನನ್ನನ್ನೂ ಕರೆದುಕೊಂಡರು. ಹೋದ ಮರುದಿನವೇ ದೊಡ್ಡವ್ವ ಸೆರಗು ಬಿಗಿದು ಎದ್ದಳು. "ನನಗ ಸಮುದ್ರ ಬ್ಯಾಡ, ಏನೂ ಬ್ಯಾಡ. ನೀವು ನನ್ನ ಊರಾಗ ಬಿಟ್ಟು ಎಲ್ಲಿದ್ರಿ, ಆ ಖೋಲಿ ತೋರಸ್ರಿ."

ಮಗಳು, "ಅಪ್ಪಾ, ವಿಳಾಸ ಬರಕೊಂಡು ಹೋಗ್ರಿ" ಅಂದರೆ ದೊಡ್ಡಪ್ಪನಿಗೆ ಸಿಟ್ಟೇ ಬಂತು. "ಈ ಊರಾಗ ನನಗ ವಿಳಾಸ ಬೇಕಾ?"

ಬೋರಿಬಂದರದಲ್ಲಿ ಲೋಕಲ್ ಗಾಡಿ ಇಳಿದಾಗ ದೊಡ್ಡಪ್ಪನ ನಡಿಗೆಯೇ ಬದಲಾಯಿತು. ಸ್ಟೇಷನ್ನಿನ ಗೋಪುರಗಳನ್ನು ತಾನೇ ಕಟ್ಟಿಸಿದವನಂತೆ ತೋರಿಸಿದ. ಕಮಾನುಗಳ ಕೆಳಗಿನ ನೆರಳಲ್ಲಿ ಜನರನ್ನು ಸರಿಸುತ್ತ ಮುಂದೆ ಮುಂದೆ ಹೋದ. ಕಾರಂಜಿ ಬಂತು. ಕಲ್ಲಿನ ಹೆಂಗಸು ಅದರ ಮೇಲೆ ನಿಂತೇ ಇದ್ದಳು. ದೊಡ್ಡವ್ವನ ಮುಖ ಸ್ವಲ್ಪ ಸಡಿಲಾಯಿತು. "ಇದು ಖರೆ ಐತಿ ಅಂದಂಗಾತು" ಎಂದಳು.

"ಇನ್ನ ಕುದುರಿ ನೋಡು. ಅದರ ಬಾಲಕ್ಕ ಬೆನ್ನ ಕೊಟ್ಟು ನಿಂತು, ಬಲಕ್ಕ ಹೊಳ್ಳಿದರ ಮುಗೀತು."

ಕುದುರೆ ಇರಲಿಲ್ಲ.

ಅಲ್ಲಿ ಕಾರು ನಿಲ್ಲಿಸುವ ಜಾಗವಿತ್ತು. ಸಾಲಾಗಿ ಕಾರುಗಳು ನಿಂತಿದ್ದವು. ದೊಡ್ಡಪ್ಪ ಒಂದು ಸುತ್ತು ಹಾಕಿ ಬಂದು, ಜಾಗ ತಪ್ಪಿದೆ ಎಂದ. ನಾನು ಒಬ್ಬ ಪಾನ್‌ವಾಲಾನ ಹತ್ತಿರ ಹೋಗಿ ಶುದ್ಧ ಹಿಂದಿಯಲ್ಲಿ, ಕೃಷ್ಣವರ್ಣದ ಅಶ್ವ ಎಲ್ಲಿದೆ ಎಂದು ಕೇಳಿದೆ. ಅವನು ನನ್ನನ್ನೇ ನೋಡುತ್ತ ಒಂದು ಪಾನ್ ಕಟ್ಟಿಕೊಟ್ಟ. ಕೊನೆಗೆ ದೊಡ್ಡಪ್ಪ ತನ್ನ ಹಳೆಯ ಮರಾಠಿಯಲ್ಲಿ ಕಾಲಾ ಘೋಡಾ ಎಲ್ಲಿ ಎಂದ.

"ಇದೇ" ಎಂದ ಪಾನ್‌ವಾಲಾ, ನೆಲ ತೋರಿಸಿ.

"ಕುದುರೆ ಎಲ್ಲಿ?"

"ಕುದುರೆ ಇಲ್ಲ. ಇದು ಕಾಲಾ ಘೋಡಾ."

ಪುಸ್ತಕದ ಅಂಗಡಿಯವನನ್ನು ಕೇಳಿದೆವು, ಬಸ್ಸಿಗೆ ಕಾದವರನ್ನು ಕೇಳಿದೆವು. ಎಲ್ಲರೂ ಅದೇ ಮಾತು. ಯಾರಿಗೂ ಇದರಲ್ಲಿ ವಿಚಿತ್ರ ಕಾಣಲಿಲ್ಲ. ಅಷ್ಟರಲ್ಲಿ ಒಂದು ಬಸ್ಸು ಬಂತು. ಕಂಡಕ್ಟರು ಇಲ್ಲದ ಕುದುರೆಯ ಹೆಸರನ್ನು ಕೂಗಿದ, ಜನ ಇಳಿದು ತಮ್ಮ ಕೆಲಸಕ್ಕೆ ಹೋದರು.

"ಇಲ್ಲದ್ದಕ್ಕ ಇಷ್ಟ ಮಂದಿ ಇಳೀತಾರಲ್ಲ ಯವ್ವಾ" ಎಂದಳು ದೊಡ್ಡವ್ವ. ನಗುತ್ತಾಳೋ ಅಳುತ್ತಾಳೋ ನನಗೆ ತಿಳಿಯಲಿಲ್ಲ.

ದೊಡ್ಡಪ್ಪನಿಗೆ ಮಾನದ ಪ್ರಶ್ನೆ. ಆಚೀಚೆ ನೋಡಿ, ಒಂದು ಕಾರು ಹೋಗಿ ಖಾಲಿಯಾದ ಜಾಗ ಹಿಡಿದ. "ಇಲ್ಲೇ ಇತ್ತು. ತಂಗಿ, ನೀ ಇಲ್ಲಿ ನಿಂದ್ರು. ನೀ ಕುದುರಿ ಮುಖ."

"ದೊಡ್ಡಪ್ಪಾ, ನಾ ಮಾಸ್ತರಿಣಿ ಅದೀನ್ರಿ."

"ಅದಕ್ಕ ಮುಖ ಕೊಟ್ಟೇನಿ. ಲೇ ಇಕಿ, ನೀ ಹಿಂದ ನಿಂದ್ರು. ಬಾಲ."

ಆಶ್ಚರ್ಯವೆಂದರೆ ದೊಡ್ಡವ್ವ ಹೋಗಿ ನಿಂತಳು. ಕೈಚೀಲವನ್ನು ಬೆನ್ನ ಹಿಂದೆ ಜೋತುಬಿಟ್ಟಳು. ದೊಡ್ಡಪ್ಪ ದೂರ ನಿಂತು ಒಂದು ಕಣ್ಣು ಮುಚ್ಚಿ, ನಮ್ಮನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿದ. ಅಷ್ಟರಲ್ಲಿ ಕಾರೊಂದು ಬಂದು ನನ್ನ ಮೊಣಕಾಲಿನ ಮುಂದೆ ನಿಂತು ಹಾರ್ನ್ ಬಾರಿಸತೊಡಗಿತು. "ಕದಲಬ್ಯಾಡ್ರಿ!" ಎಂದು ದೊಡ್ಡಪ್ಪ ಒದರಿದ. ಕಾರಿನ ಹಿಂದೆ ಮತ್ತೊಂದು ಕಾರು, ಅದರ ಹಿಂದೆ ಸೀಟಿ ಊದುತ್ತ ಪೊಲೀಸ.

ದೊಡ್ಡಪ್ಪ ಅವನಿಗೆ ಮರಾಠಿಯಲ್ಲಿ ಎಲ್ಲ ವಿವರಿಸಿದ. ಪೊಲೀಸ ತಾಳ್ಮೆಯಿಂದ ಕೇಳಿದ. ಕೇಳಿ, ಆ ಕುದುರೆಯನ್ನು ತೆಗೆದು ಬಹಳ ವರ್ಷವಾಯಿತು, ಇಂಗ್ಲಿಷ್ ರಾಜ ನಮಗೇಕೆಂದು ಪ್ರಾಣಿ ಸಂಗ್ರಹಾಲಯಕ್ಕೆ ಸಾಗಿಸಿದರು ಎಂದ.

"ಎಲ್ಲಿಗೆ?"

"ಭಾಯಖಳದ ರಾಣಿ ಬಾಗಕ್ಕೆ. ಪ್ರಾಣಿಗಳಿರುವಲ್ಲಿಗೆ."

ದೊಡ್ಡಪ್ಪ ಇದು ತನ್ನ ಗೇಲಿ ಎಂದುಕೊಂಡ. ಆದರೆ ದೊಡ್ಡವ್ವ ಆಗಲೇ ಬಸ್ಸಿನ ಕಡೆ ನಡೆದಿದ್ದಳು. "ಕುದುರಿ ನೋಡದ ನಾ ಊರಿಗೆ ಬರಾಂಗಿಲ್ಲ. ಹೋಗೂಣು ನಡೀರಿ."

ರಾಣಿ ಬಾಗದಲ್ಲಿ ಟಿಕೀಟು ತೆಗೆಸಿ ಒಳಗೆ ಹೋದೆವು. ಆನೆ ನೋಡಲು ಬಂದ ಮಕ್ಕಳ ಗದ್ದಲದ ಆಚೆ, ಮರಗಳ ನಡುವೆ ಅದು ನಿಂತಿತ್ತು. ದೊಡ್ಡದು, ಕರ್ರಗಿನದು, ಮೇಲೆ ಗಡ್ಡದ ರಾಜ. ದೊಡ್ಡವ್ವ ಮುಖ ಎತ್ತಿ ನೋಡಿದಳು. ಕುದುರೆ ಏರಿದ ಮೈಲಾರಲಿಂಗನಿಗೆ ನಡೆದುಕೊಳ್ಳುವವಳು ಅವಳು. ಕುದುರೆ ಕಂಡರೆ ಅವಳ ಕೈ ತಾನಾಗಿ ಮುಗಿಯುತ್ತದೆ. ಚೀಲದಿಂದ ಬೆಲ್ಲದ ಚೂರು ತೆಗೆದು ಕಟ್ಟೆಯ ಮೇಲೆ ಇಟ್ಟಳು.

ಎಲ್ಲಿದ್ದನೋ, ಕಾವಲುಗಾರನೊಬ್ಬ ಕೋಲು ಹಿಡಿದು ಓಡಿಬಂದ. ಪ್ರಾಣಿಗಳಿಗೆ ತಿನ್ನಲು ಕೊಡಬಾರದು, ಬೋರ್ಡು ಕಾಣುವುದಿಲ್ಲವೇ ಎಂದ.

"ಇದು ಕಂಚಿಂದಪ್ಪಾ!" ಎಂದ ದೊಡ್ಡಪ್ಪ ಮರಾಠಿಯಲ್ಲಿ.

"ಇರಬಹುದು. ಆದರೆ ಬಾಗದ ಒಳಗಿದೆ. ಒಳಗಿರುವುದಕ್ಕೆಲ್ಲ ಒಂದೇ ನಿಯಮ."

ಇಬ್ಬರೂ ಬಹಳ ಹೊತ್ತು ವಾದಿಸಿದರು. ಕಾವಲುಗಾರನೂ ಮನುಷ್ಯನೇ. ಇಂದು ಬೆಲ್ಲ ಇಟ್ಟರೆ ನಾಳೆ ಇರುವೆ, ನಾಡಿದ್ದು ಮಂಗ, ಯಾರು ಒರೆಸಬೇಕು, ನಾನೇ ಎಂದ. ದೊಡ್ಡವ್ವ ಅವನಿಗೂ ಒಂದು ಚೂರು ಬೆಲ್ಲ ಕೊಟ್ಟಳು. ಅವನು ಬಾಯಿಗೆ ಹಾಕಿಕೊಂಡ. ಅದಾದ ಮೇಲೆ ನಿಯಮದ ಮಾತು ನಿಂತಿತು.

ಈಗ ದೊಡ್ಡಪ್ಪ ಕುದುರೆಯ ಹಿಂದೆ ಹೋದ. ಬಾಲಕ್ಕೆ ಬೆನ್ನು ಕೊಟ್ಟು ನಿಂತ. ಕಣ್ಣು ಮುಚ್ಚಿಕೊಂಡ. ಬಲಕ್ಕೆ ಹೊರಳಿ, ಅಭ್ಯಾಸವಿದ್ದವನ ಹಾಗೆ ದಾಪುಗಾಲು ಹಾಕಿದ. ಕಣ್ಣು ತೆರೆದಾಗ ಮಂಗಗಳ ಪಂಜರದ ಮುಂದಿದ್ದ. ಒಳಗಿನಿಂದ ಒಂದು ಮುದಿ ಮಂಗ ಅವನ ಟೊಪ್ಪಿಗೆಯನ್ನೇ ನೋಡುತ್ತಿತ್ತು. ದೊಡ್ಡಪ್ಪ ಕಲ್ಲಿನ ಬೆಂಚಿನ ಮೇಲೆ ಕುಳಿತುಬಿಟ್ಟ.

ಅಷ್ಟು ಸಣ್ಣವನಾಗಿ ನಾನು ಅವನನ್ನು ಎಂದೂ ನೋಡಿರಲಿಲ್ಲ. ದೊಡ್ಡವ್ವ ಹೋಗಿ ಬಾಜು ಕುಳಿತಳು. "ಕುದುರಿ ಬಿಡ್ರಿ ಅತ್ಲಾಗ. ಖೋಲ್ಯಾಗ ಕುಂತ್ರ ಏನ ಕಾಣಸ್ತಿತ್ತು, ಅದನ್ನ ಹೇಳ್ರಿ."

ದೊಡ್ಡಪ್ಪ ಯೋಚಿಸಿ ಹೇಳಿದ. "ಗಡಿಯಾರದ ಗೋಪುರ. ಎದುರಿನ ಗ್ವಾಡಿ ಅಡ್ಡ ಬಂದು ಅರ್ಧಾ ಗಡಿಯಾರ ಅಷ್ಟ ಕಾಣಸ್ತಿತ್ತು. ಹನ್ನೆರಡರಿಂದ ಆರರ ತನಕ. ಮುಂದಿಂದು ಅಂದಾಜ."

ಮತ್ತೆ ಬಸ್ಸು ಹತ್ತಿ ಅದೇ ಜಾಗಕ್ಕೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಈ ಸಲ ಕಂಡಕ್ಟರು ಕುದುರೆಯ ಹೆಸರು ಕೂಗಿದಾಗ ನಾವೂ ಗೊಣಗದೆ ಇಳಿದೆವು. ಗೋಪುರವನ್ನು ನೋಡುತ್ತ, ಅರ್ಧ ಗಡಿಯಾರ ಕಾಣುವ ಓಣಿ ಹುಡುಕುತ್ತ ನಡೆದೆವು. ಒಂದು ಕಡೆ ಪೂರ್ತಿ ಕಂಡಿತು, ಒಂದು ಕಡೆ ಏನೂ ಕಾಣಲಿಲ್ಲ. ಒಂದು ಸಣ್ಣ ಓಣಿಯ ಬಾಯಲ್ಲಿ ದೊಡ್ಡವ್ವ ನಿಂತು, "ಇಲ್ಲೈತಿ ನೋಡ್ರಿ ಅರ್ಧಾ" ಎಂದಳು. ದೊಡ್ಡಪ್ಪ ಎದುರಿನ ಮನೆಯ ಕಟ್ಟಿಗೆಯ ಮೆಟ್ಟಿಲ ಜಿನೆ ನೋಡಿದವನೇ ಹತ್ತತೊಡಗಿದ.

ಮೇಲೆ ಖೋಲಿ ಇತ್ತು. ಅದರಲ್ಲಿ ಹಲ್ಲಿನ ಡಾಕ್ಟರ ದವಾಖಾನೆ ಇತ್ತು.

ವಯಸ್ಸಾದ ಡಾಕ್ಟರು, ರೋಗಿಗಳು ಯಾರೂ ಇರಲಿಲ್ಲ. ನಮ್ಮನ್ನು ಕಂಡು ಅವರಿಗೆ ಖುಷಿಯಾಯಿತು. ನಾವು ಬಂದ ಕಾರಣವನ್ನು ನಾನು ಹಿಂದಿಯಲ್ಲಿ ಹೇಳುವಷ್ಟರಲ್ಲಿ ದೊಡ್ಡಪ್ಪ, "ಇಲ್ಲೇ ನನ್ನ ಹಾಸಿಗಿ ಇತ್ತು" ಎಂದು ಕಿಟಕಿಯ ಹತ್ತಿರದ ಎತ್ತರದ ಕುರ್ಚಿ ತೋರಿಸಿದ. ದೊಡ್ಡವ್ವ ಹೋಗಿ ಅದರ ಮೇಲೆ ಕುಳಿತಳು. ಕಿಟಕಿಯಲ್ಲಿ ಅರ್ಧ ಗಡಿಯಾರ ಕಾಣುತ್ತಿತ್ತು, ಎರಡು ಮುಳ್ಳೂ ಅತ್ತ ಕಡೆಯ ಅರ್ಧದಲ್ಲಿದ್ದುದರಿಂದ ವೇಳೆ ತಿಳಿಯುವಂತಿರಲಿಲ್ಲ.

"ಇಲ್ಲಿ ಮಲಕೊಂಡು ನನ್ನ ನೆನಸ್ತಿದ್ರೇನ್ರಿ?"

"ನೆನಸ್ತಿದ್ದೆ" ಎಂದ ದೊಡ್ಡಪ್ಪ. ಕಿಟಕಿಯ ಕಡೆ ನೋಡಿ, "ಮೊದಲನೇ ವರ್ಷ ಬಾಳ" ಎಂದ.

ದೊಡ್ಡವ್ವ ಏನೋ ಹೇಳಲು ಬಾಯಿ ತೆರೆದಳು. ಡಾಕ್ಟರು ಅದೇ ಸಮಯ ಕಾಯುತ್ತಿದ್ದವರಂತೆ ದೀಪ ಹಚ್ಚಿ ಒಳಗೆ ಇಣುಕಿದರು. ಬಲಗಡೆಯ ದವಡೆ ಹಲ್ಲು ಪೂರ್ತಿ ಹಾಳಾಗಿದೆ, ಎಷ್ಟು ದಿನದಿಂದ ನೋಯುತ್ತಿದೆ ಎಂದು ಕೇಳಿದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಅಂದು ನನ್ನ ಹಿಂದಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

"ಹ್ವಾದ ವರ್ಷದಿಂದ. ಕಿತ್ತು ಬಿಡ್ರಿ ಅಂತ ಹೇಳು" ಎಂದಳು ದೊಡ್ಡವ್ವ.

"ಏ, ನಾವು ಖೋಲಿ ನೋಡಾಕ ಬಂದೇವಿ!" ಎಂದ ದೊಡ್ಡಪ್ಪ.

"ನೋಡಿದ್ವಲ್ಲ. ಬಂದೇವಿ ಅಂದಮ್ಯಾಲ ಒಂದ ಕೆಲಸಾರ ಆಗಲಿ."

ಡಾಕ್ಟರು ಸೂಜಿ ಚುಚ್ಚಿದರು. ದೊಡ್ಡವ್ವ ಒಂದು ಕೈಯಲ್ಲಿ ಕುರ್ಚಿಯ ಹಿಡಿಕೆ, ಇನ್ನೊಂದರಲ್ಲಿ ದೊಡ್ಡಪ್ಪನ ಮಣಿಕಟ್ಟು ಹಿಡಿದಿದ್ದಳು. ಹಲ್ಲು ಬಂದಾಗ ಕೂಗಿದವನು ದೊಡ್ಡಪ್ಪ.

ಬೋರಿಬಂದರದ ತನಕ ಆ ದೊಡ್ಡ ರಸ್ತೆಯಲ್ಲಿ ನಿಧಾನ ನಡೆದೆವು. ದೊಡ್ಡವ್ವನ ಬಾಯಲ್ಲಿ ಅರಳೆ ಇದ್ದುದರಿಂದ ಅವಳು ಮಾತಾಡುವಂತಿರಲಿಲ್ಲ. ದೊಡ್ಡಪ್ಪ ಇಕ್ಕೆಲದ ಒಂದು ಕಟ್ಟಡವನ್ನೂ ತೋರಿಸಲಿಲ್ಲ. ರಸ್ತೆ ದಾಟುವಲ್ಲೆಲ್ಲ ಅವಳ ಮೊಣಕೈ ಹಿಡಿದುಕೊಳ್ಳುತ್ತಿದ್ದ, ದಾಟಿದ ಮೇಲೂ ಬಿಡಲು ಮರೆಯುತ್ತಿದ್ದ. ಗಾಡಿಯಲ್ಲಿ ಹೆಂಗಸರ ಡಬ್ಬಿ ಖಾಲಿ ಇತ್ತು, ಆದರೂ ದೊಡ್ಡವ್ವ ಅದನ್ನು ಬಿಟ್ಟು ಅವನ ಹಿಂದೆಯೇ ಗದ್ದಲದ ಡಬ್ಬಿ ಹತ್ತಿದಳು. ದಾದರದ ತನಕ ಇಬ್ಬರೂ ಒಂದೇ ಕಂಬ ಹಿಡಿದು ನಿಂತಿದ್ದರು.