ಏಳು ಅಡ್ಡ, ಏಳು ಉದ್ದ

ತಿಂಗಳ ಮೊದಲ ಭಾನುವಾರ ಅಟ್ಟ ಗುಡಿಸುವುದು ನನ್ನ ನಿಯಮ. ಈ ಸಲ ಹಳೆಯ ಫೈಲುಗಳ ಕೆಳಗೆ ಕಬ್ಬಿನ ಸಸಿ ಬೆಳೆಸುವ ಕಪ್ಪು ಪ್ಲಾಸ್ಟಿಕ್ ಟ್ರೇಯ ತುಂಡೊಂದು ಸಿಕ್ಕಿತು. ಅಡ್ಡ ಏಳು ಕುಳಿ, ಉದ್ದ ಏಳು ಕುಳಿ. ಒಂದು ಅಂಚಿನಲ್ಲಿ ಗರಗಸದಿಂದ ಕೊಯ್ದ ಗುರುತು. ಮೂಸಿದರೆ ಇನ್ನೂ ತೆಂಗಿನ ನಾರಿನ ಪುಡಿಯ ವಾಸನೆ... ಮೇಡಂ ನೆನಪಾದರು.

ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಮೇಡಂ ಕಾಗವಾಡದ ಕಡೆಯ ಜೈನ ಒಕ್ಕಲುತನದ ಮನೆಯವರು. ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಐದೂವರೆಗೆ ಡಬ್ಬಿ ಬಿಚ್ಚಿ, ಆರಕ್ಕೆ ಮತ್ತೆ ಕೆಲಸಕ್ಕೆ ಕೂಡುತ್ತಿದ್ದರು. ಲ್ಯಾಬಿನ ಗಡಿಯಾರವನ್ನು ನಾನು ಅವರ ಡಬ್ಬಿ ನೋಡಿ ಸರಿಮಾಡುತ್ತಿದ್ದೆ.

ಕೃಷ್ಣೆಯ ನೀರು ನಾಳೆ ಎಷ್ಟು ಏರುತ್ತದೆ ಎಂದು ಅಂದಾಜು ಮಾಡುವ ‘ಫಂಕ್ಷನ್’ ಎಂಬ ಲೆಕ್ಕದ ತುಣುಕೊಂದನ್ನು ಅವರು ಹರೆಯದಲ್ಲೇ ಹಳೆಯ ಕಂಪ್ಯೂಟರ್ ಭಾಷೆಯಾದ ಫೋರ್ಟ್ರಾನ್‌ನಲ್ಲಿ ಬರೆದಿದ್ದರು. ದಂಡೆಯ ಮೇಲಿನ ಪಂಪಿನ ಮೋಟಾರು ಮುಳುಗದಂತೆ ಯಾವಾಗ ಎತ್ತಬೇಕೆಂದು ನದಿದಂಡೆಯ ಸತ್ತಿ ಊರಿನ ರೈತರು ಅವರನ್ನು ಕೇಳುತ್ತಿದ್ದರು. ಕಾಲೇಜಿಗೆ ಪೈಥಾನ್ ಎಂಬ ಹೊಸ ಭಾಷೆ ಬಂದಾಗ ಮೇಡಂ ಹಳೆಯದನ್ನು ಎಸೆಯಲಿಲ್ಲ. ಯಂತ್ರಕ್ಕೆ ತಿಳಿಯುವಂತೆ ಕಂಪೈಲ್ ಮಾಡಿಟ್ಟ ಫಂಕ್ಷನನ್ನು ಪೈಥಾನ್‌ನಿಂದ ಕರೆಯೋಣ ಎಂದರು. ಬರೆಯಲು ಸುಲಭವಾದದ್ದು ಮುಂದೆ, ಲೆಕ್ಕಕ್ಕೆ ಚುರುಕಾದದ್ದು ಹಿಂದೆ. ನಡುವೆ ಅಂಕಿಗಳ ಕೋಷ್ಟಕವನ್ನು ದಾಟಿಸುವ ಭಾಗ ಬರೆದವನು ನಾನು.

ವಿಭಾಗದ ಮುಖ್ಯಸ್ಥರ ಮುಂದೆ ಪರೀಕ್ಷೆ ನಡೆಯಿತು. ಹಿಂದಿನ ಮಳೆಗಾಲದ ಅಂಕಿ ಕೊಟ್ಟೆವು: ದಂಡೆಯ ಏಳು ಊರು, ಏಳು ದಿನದ ನೀರಿನ ಮಟ್ಟ. ನೀರು ಏರಿದ್ದ ದಿನಕ್ಕೆ ಪರದೆ ‘ಇಳಿಯುತ್ತದೆ’ ಎಂದಿತು. ನೋಡಲು ಬಂದಿದ್ದ ಸತ್ತಿಯ ರೈತರೊಬ್ಬರು ಗಹಗಹಿಸಿ ನಕ್ಕರು.

"ಅಕ್ಕಾರ, ಇದರ ಮಾತ ಕೇಳಿದ್ದರ ನನ್ನ ಮೋಟಾರ ಮೀನಿಗೆ ನೀರ ಎತ್ತಿ ಕೊಡತಿತ್ತ ನೋಡ್ರಿ!"

ಮುಖ್ಯಸ್ಥರು ನಗಲಿಲ್ಲ. "ಹಳೇದಕ್ಕ ವಯಸ್ಸಾಗೇತ್ರಿ ಮೇಡಂ. ಅಳಿಸಿ ಬಿಡೂಣು."

"ಲೆಕ್ಕಕ್ಕ ವಯಸ್ಸಾಗೂದಿಲ್ರಿ ಸರ್. ನಾಳೆ ತನಕಾ ಯಾರೂ ಮುಟ್ಟಬ್ಯಾಡ್ರಿ," ಎಂದರು ಮೇಡಂ.

ಮರುದಿನ ಬೆಳಿಗ್ಗೆ ಹೊಲದ ಟ್ರೇಯನ್ನು ಅರ್ಧಕ್ಕೆ ಕೊಯ್ದು ತಂದರು. ಒಂದರಿಂದ ನಲವತ್ತೊಂಬತ್ತರವರೆಗೆ ಬರೆದ ಚೀಟಿ ಕೊಟ್ಟು ತುಂಬಲು ಹೇಳಿದರು. ನಾನು ಶಿಸ್ತಾಗಿ ಎಡದಿಂದ ಬಲಕ್ಕೆ, ಒಂದು ಸಾಲು ಮುಗಿಸಿ ಇನ್ನೊಂದು ಸಾಲು ತುಂಬಿದೆ. ಅವರು ಮೇಲಿನಿಂದ ಕೆಳಕ್ಕೆ ಎತ್ತುತ್ತ ಓದಿದರು. ಒಂದು, ಎಂಟು, ಹದಿನೈದು...

"ಪೈಥಾನ್‌ನ್ಯಾಗ ನೀವು ಅಡ್ಡ ತುಂಬೀರಿ, ಫೋರ್ಟ್ರಾನ್ ಉದ್ದಕ ಓದತೈತ್ರಿ. ಊರು ಹೋಗಿ ದಿನ ಆದವು, ದಿನ ಹೋಗಿ ಊರು ಆದವು. ಆರ ಊರು ಇದ್ದಿದ್ದರ ಅಳತಿ ಕೂಡದ ತಪ್ಪ ಅಲ್ಲೇ ಸಿಗಬೀಳತಿತ್ತು. ಏಳಕ್ಕ ಏಳು ಅಲ್ರಿ, ಗಪ್‌ಚಿಪ್ ಕುಂತೇತಿ!"

ಫಂಕ್ಷನ್ ತಪ್ಪಿರಲಿಲ್ಲ. ತಪ್ಪಿದ್ದವನು ನಾನು. ಕೋಷ್ಟಕವನ್ನು ತಿರುಗಿಸಿ ಕೊಟ್ಟಾಗ ಪರದೆ ಆ ಮಳೆಗಾಲದ ನೀರನ್ನು ಇದ್ದಂತೆ ಹೇಳಿತು.

ಅಂದಿನ ಸಭೆಯಲ್ಲಿ ಮುಖ್ಯಸ್ಥರು ತಪ್ಪು ಯಾರದೆಂದು ಕೇಳಿದರು. ನಾನು ನೆಲ ನೋಡುತ್ತಿದ್ದೆ. ಮೇಡಂ ನನ್ನತ್ತ ತಿರುಗಲೂ ಇಲ್ಲ. "ನಮ್ಮದ ರೀ. ಸರಿ ಮಾಡೇವಿ," ಎಂದರು. ಮುಖ್ಯಸ್ಥರು ವರದಿಯಲ್ಲಿ ‘ಹಳೆಯ ಫಂಕ್ಷನ್‌ನ ದೋಷ ಸರಿಪಡಿಸಲಾಗಿದೆ’ ಎಂದು ಬರೆದರು. ಅದಕ್ಕೆ ನಾನು ಸಹಿ ಹಾಕಿದೆ. ಜೀವಮಾನದಲ್ಲಿ ಒಂದು ದಿನವೂ ತಡವಾಗಿ ಕೆಲಸಕ್ಕೆ ಹೋಗದವನು, ಒಂದು ಮಾತು ಆಡುವುದಕ್ಕೆ ಮಾತ್ರ ತಡಮಾಡಿದೆ...

ಮೇಡಂ ತೀರಿಕೊಂಡ ಮೇಲೂ ಆ ಫಂಕ್ಷನ್ ಪ್ರತಿ ಮಳೆಗಾಲ ಓಡಿದೆ. ಮೊನ್ನೆ ಶುಕ್ರವಾರ ಕಾಲೇಜಿನಿಂದ ಫೋನು ಬಂತು. "ಅದರಾಗ ದೋಷ ಇತ್ತಂತ ವರದಿಯೊಳಗ ಐತ್ರಿ ಸರ್, ನಿಮ್ಮದ ಸಹಿ. ಈಗ ತೆಗೆದು ಹಾಕತೇವಿ."

"ಸೋಮವಾರ ತನಕಾ ಯಾರೂ ಮುಟ್ಟಬ್ಯಾಡ್ರಿ," ಎಂದೆ.

ನಾಳೆ ಸೋಮವಾರ, ಹತ್ತಕ್ಕೆ ಕಾಲೇಜಿನಲ್ಲಿ ಸಭೆ. ಒಂಬತ್ತೂ ಮುಕ್ಕಾಲಿಗೆ ನಾನಲ್ಲಿರುತ್ತೇನೆ. ಟ್ರೇ ತೊಳೆದು ಒರೆಸಿ ಚೀಲದಲ್ಲಿಟ್ಟಾಗಿದೆ, ಚೀಟಿಗಳನ್ನೂ ಬರೆದಾಗಿದೆ. ಬೇಕಾದವರು ಬಂದು ಅಡ್ಡ ತುಂಬಲಿ, ಉದ್ದ ಓದಲಿ. ಅಳಿಸಬೇಕಾದದ್ದು ವರದಿಯ ಆ ಒಂದು ಸಾಲನ್ನು. ಅದನ್ನು ಅಳಿಸುವವರೆಗೆ ನಾನು ಏಳುವುದಿಲ್ಲ. ತಪ್ಪು ನನ್ನದು ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ಅದನ್ನು ಮೊದಲು ಕೇಳಬೇಕಾಗಿದ್ದವರ ಕುರ್ಚಿ ಮಾತ್ರ ಖಾಲಿ ಇರುತ್ತದೆ.