ಕೆಮ್ಮಿದ್ದು ಯಾರು

ಅರವತ್ತರ ದಶಕದ ಒಂದು ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಹೊಸನಗರದ ದನದ ಆಸ್ಪತ್ರೆಯಲ್ಲಿ ಸಹಾಯಕರ ಕೆಲಸ ಕಲಿಯಲು ನಮ್ಮ ಹೈಸ್ಕೂಲಿನಿಂದ ಇಬ್ಬರನ್ನು ಕಳಿಸಿದರು. ತೀರ್ಥಹಳ್ಳಿ ಕಡೆಯ ನನ್ನ ಗೆಳೆಯನನ್ನು ಆರಿಸಿದ್ದು ಅವನ ತೋಳು ನೋಡಿ. ನನ್ನನ್ನು ಯಾಕೆ ಆರಿಸಿದರೋ ಈಗಲೂ ಗೊತ್ತಿಲ್ಲ. ಹೆಡ್‌ಮಾಸ್ಟರರ ನಡಿಗೆಯನ್ನು ಅವರ ಬೆನ್ನ ಹಿಂದೆಯೇ ನಡೆದು ತೋರಿಸುತ್ತಿದ್ದವನು ನಾನು. ಕಣ್ಣೆದುರಿನಿಂದ ತೊಲಗಿದರೆ ಸಾಕು ಅನ್ನಿಸಿರಬೇಕು.

ಡಾಕ್ಟರು ಮೈಸೂರು ಕಡೆಯವರು. ಪ್ರತಿ ಮಾತಿಗೂ ಮೊದಲು ಮೂಗಿನಲ್ಲಿ ಸಣ್ಣಗೆ ಗಾಳಿ ಬಿಡುವ ಅಭ್ಯಾಸ. ಎರಡೇ ದಿನದಲ್ಲಿ ನಾನು ಆ ಮೂಗನ್ನು ಕಲಿತೆ, ಪಾಠವನ್ನಲ್ಲ.

ಮೊದಲ ಪಾಠ ಗೊಟ್ಟದ್ದು. ತುದಿ ಓರೆಯಾಗಿ ಕೊಯ್ದ ಬಿದಿರಿನ ಗೊಟ್ಟದಲ್ಲಿ ಔಷಧಿ ತುಂಬಿ ದನದ ಬಾಯಿಗೆ ಪಕ್ಕದಿಂದ ಹೊಯ್ಯಬೇಕು. ಗೆಳೆಯ ತಲೆ ಎತ್ತಿ ಹಿಡಿಯುವವನು, ನಾನು ಹೊಯ್ಯುವವನು.

"ನೋಡ್ರಯ್ಯಾ, ದನ ಕೆಮ್ತು ಅಂದ್ರೆ ಆ ಕ್ಷಣ ತಲೆ ಬಿಟ್ಬಿಡಬೇಕು. ಇಲ್ದಿದ್ರೆ ಔಷಧಿ ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ. ದನ ಹೋಯ್ತು ಅಂತ್ಲೇ ತಿಳ್ಕೊಳ್ಳಿ" ಎಂದರು ಡಾಕ್ಟರು.

ಒಂದು ಮುದಿ ಎತ್ತಿಗೆ ಬರೀ ನೀರು ಕುಡಿಸಿ ಅಭ್ಯಾಸ ಮಾಡಿದೆವು. ಅದು ಒಂದು ಸಲವೂ ಕೆಮ್ಮಲಿಲ್ಲ. ಪಾಠ ಪೂರ್ತಿಯಾಗಬೇಡವೇ? ನಾನೇ ಕೆಮ್ಮಿದೆ, ಥೇಟು ಎತ್ತಿನ ಹಾಗೆ, ಎದೆಯಾಳದಿಂದ. ಗೆಳೆಯ ಬೆಚ್ಚಿ ತಲೆ ಬಿಟ್ಟ. ನೀರೆಲ್ಲ ಡಾಕ್ಟರ ಅಂಗಿಗೆ. ಮಾರನೆಯ ದಿನವೂ ಅದೇ ಕತೆ. ಮೂರನೆಯ ದಿನ ಅವನು ತಲೆ ಬಿಡಲಿಲ್ಲ, ನನ್ನ ಕಾಲು ತುಳಿದ.

ಆ ವಾರವೇ, ನಗರ ಎಂಬ ಊರಿಗೆ ಹೋಗುವ ದಾರಿಯ ಒಂದು ಮನೆಯಿಂದ ಕರೆ ಬಂತು. ಹಸುವಿಗೆ ಹೊಟ್ಟೆ ಉಬ್ಬರ. ಆ ಮನೆಯಲ್ಲಿ ಹಾಲು ಕೊಡುತ್ತಿದ್ದದ್ದು ಅದೊಂದೇ. ಮನೆಯ ಅಮ್ಮನ ಸೊಸೆಗೆ ಎದೆಹಾಲಿರಲಿಲ್ಲ. ಮೂರು ತಿಂಗಳ ಕೂಸು ಆ ಹಸುವನ್ನೇ ನಂಬಿತ್ತು. ಡಾಕ್ಟರು ಹೊಟ್ಟೆ ತಟ್ಟಿ ನೋಡಿ, ಎಣ್ಣೆಯ ಔಷಧಿ ಬೆರೆಸಿಕೊಟ್ಟು, "ಕುಡಿಸ್ತಾ ಇರಿ" ಎಂದು ಕೈ ತೊಳೆಯಲು ಬಾವಿಕಟ್ಟೆಗೆ ಹೋದರು.

ಗೆಳೆಯ ತಲೆ ಎತ್ತಿದ. ನಾನು ಹೊಯ್ದೆ. ಅರ್ಧ ಗೊಟ್ಟ ಇಳಿದಾಗ ಕೆಮ್ಮು ಕೇಳಿಸಿತು.

ಅವನು ನನ್ನನ್ನು ದುರುಗುಟ್ಟಿ ನೋಡಿ ಹಿಡಿತ ಇನ್ನೂ ಬಿಗಿ ಮಾಡಿದ. ನಾನು ಹೊಯ್ಯುತ್ತಲೇ ಇದ್ದೆ. ಯಾಕೆಂದರೆ ನನಗೂ ಅದು ನನ್ನದೇ ಕೆಮ್ಮು ಅನ್ನಿಸಿತು. ಗಂಟಲಲ್ಲಿ ಒಂದನ್ನು ಸಿದ್ಧ ಮಾಡಿಟ್ಟುಕೊಂಡೇ ಇದ್ದೆನಲ್ಲ, ಜಾರಿತೇನೋ ಅಂದುಕೊಂಡೆ. ಹಸುವಿನ ಮೂಗಿನಿಂದ ಎಣ್ಣೆ ಚಿಮ್ಮಿದ ಮೇಲೆಯೇ ಇಬ್ಬರೂ ಕೈಬಿಟ್ಟದ್ದು.

ಅಮ್ಮ ಓಡಿ ಬಂದರು. "ಎಂತ ಮಾಡಿದ್ರಾ ಮಾರಾಯ್ರಾ! ಅದು ಕೆಮ್ಮಿದ್ದು ಕಿವಿಗೆ ಬೀಳ್ಲಿಲ್ವಾ?"

"ಇವ್ನೇ ಕೆಮ್ಮಿದ್ದು ಅಂತ ಮಾಡಿದ್ದೆ, ಅಮ್ಮಾ" ಎಂದ ಗೆಳೆಯ.

"ಇವ್ನಾ? ಇವ್ನ್ಯಾಕೆ ದನದ ಹಂಗೆ ಕೆಮ್ತಾನೆ?"

ಅಷ್ಟರಲ್ಲಿ ಡಾಕ್ಟರು ಒದ್ದೆ ಕೈಯಲ್ಲೇ ಬಂದರು.

"ಯಾರಯ್ಯಾ ಕೆಮ್ಮಿದ್ದು?"

"ಗೊತ್ತಿಲ್ಲ ಸಾರ್" ಎಂದೆ.

"ನೀನು ಕೆಮ್ಮಿದ್ಯೋ ಇಲ್ವೋ ನಿಂಗೇ ಗೊತ್ತಿಲ್ವಾ?"

ಅವರು ಹಸುವಿನ ಪಕ್ಕೆಗೆ ಕಿವಿಕೊಟ್ಟು ಬಹಳ ಹೊತ್ತು ಆಲಿಸಿದರು, ಇಂಜೆಕ್ಷನ್ ಚುಚ್ಚಿದರು. "ಮೂರು ದಿನ ನೋಡ್ಬೇಕು. ಮೇವು ಮುಟ್ಟಿದ್ರೆ ಉಳೀತು. ಬೆಳಿಗ್ಗೆ ಸಂಜೆ ಬಂದು ನೀನೇ ಕಿವಿಯಿಟ್ಟು ಕೇಳು."

ಹೋದೆ. ಹೊಟ್ಟೆ ಇಳಿದಿತ್ತು, ಮೇವು ಮಾತ್ರ ಬಿದ್ದಲ್ಲೇ ಬಿದ್ದಿತ್ತು. ಪಕ್ಕೆಗೆ ಕಿವಿ ಒತ್ತಿದರೆ ಏನೋ ಗೊರಗೊರ. ಅದು ಎದೆಯದೋ, ಹೊಟ್ಟೆಯದೋ, ನನ್ನ ಕಿವಿಯದೋ. ಸ್ಪಷ್ಟವಾಗಿ ಕೇಳುತ್ತಿದ್ದದ್ದು ಒಳಗೆ ಕೂಸು ಅಳುವುದೊಂದೇ. ಪಕ್ಕದ ಮನೆಯ ಎಮ್ಮೆಹಾಲು ಅದಕ್ಕೆ ಒಗ್ಗಿರಲಿಲ್ಲ. ಊರವರ ಅಳುವನ್ನೆಲ್ಲ ಅಣಕಿಸಿದವನಿಗೆ ಆ ಅಳುವನ್ನು ಗಂಟಲಿಗೆ ತರಲು ಧೈರ್ಯ ಬರಲಿಲ್ಲ. ಡಾಕ್ಟರು "ಹೇಗಿದೆ?" ಎಂದರೆ "ಇದೆ ಸಾರ್" ಎನ್ನುತ್ತಿದ್ದೆ.

ಮೂರನೆಯ ಸಂಜೆ ಪಕ್ಕೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಂತಿದ್ದಾಗ ಹೆಗಲ ಮೇಲಿನ ಟವೆಲ್ಲನ್ನು ಯಾರೋ ಎಳೆದರು. ನೋಡಿದರೆ ಹಸು ಕತ್ತು ತಿರುಗಿಸಿ ಅದನ್ನು ಜಗಿಯುತ್ತಿದೆ.

"ಅಮ್ಮಾ, ಇದು ಟವೆಲ್ ತಿಂತಾ ಇದೆ!"

ಅಮ್ಮ ಬಂದು ನೋಡಿ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. "ತಿನ್ಲಿ ಬಿಡಾ... ಅಲ್ಲ, ಎಳ್ಕೊಳಾ, ಗಂಟ್ಲಿಗೆ ಸಿಕ್ಕೀತು!"

ಬಿಡುವುದೋ ಎಳೆಯುವುದೋ? ಒಂದು ತುದಿ ಹಿಡಿದು ನಾನು, ಇನ್ನೊಂದು ತುದಿ ಕಚ್ಚಿ ಹಸು, ಹಾಗೇ ನಿಂತೆವು. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡೇ ಸೊಸೆ ಒಂದು ಹಿಡಿ ಹುಲ್ಲು ತಂದು ಮೂತಿಗೆ ಹಿಡಿದಳು. ಹಸು ಮೂಸಿತು, ಟವೆಲ್ ಬಿಟ್ಟಿತು, ಹುಲ್ಲಿಗೆ ಬಾಯಿ ಹಾಕಿತು.